ಹೆಸರು ಅಳಿಸಿದರೆ ಸಾಲದು, ಊರು ಉಳಿದಿರುತ್ತದೆ

"ಏಳನೇ ತರಗತಿಯ ಹುಡುಗಿ. ಮನೆ ತೂಗುಸೇತುವೆಯ ಆಚೆ, ಕುದ್ರುವಿನಲ್ಲಿ. ತಂದೆ ಕುವೈತಿನಲ್ಲಿದ್ದಾರೆ, ತಾಯಿ ಬೀಡಿ ಕಟ್ಟುತ್ತಾರೆ. ಅಕ್ಕ ಕಳೆದ ವರ್ಷ ಓದು ಬಿಟ್ಟಳು. ಹುಡುಗಿ ಗಣಿತದಲ್ಲಿ ಹಿಂದೆ, ತರಗತಿಯಲ್ಲಿ ಬಾಯಿ ಬಿಡುವುದಿಲ್ಲ, ಆಗಾಗ ಅಳುತ್ತಾಳೆ. ಇವಳಿಗೆ ನೆರವಾಗಲು ಒಂದು ಯೋಜನೆ ಬರೆದುಕೊಡು."

ಈ ಹುಡುಗಿ ಕಲ್ಪಿತಳು, ಸಾಲುಗಳೂ ಕಲ್ಪಿತ. ಆದರೆ ಇಂಥ ಸಾಲುಗಳನ್ನು ಚಾಟ್‌ಜಿಪಿಟಿಗೋ ಜೆಮಿನಿಗೋ ಬರೆಯುವ ಶಿಕ್ಷಕಿ ಹೇಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಅವರು ಮಗುವಿನ ಬಗ್ಗೆ ನಿಜವಾದ ಕಾಳಜಿ ಇರುವವರು. ಎಲ್ಲಿಯೂ ಹೆಸರು ಹಾಕಿಲ್ಲ, ಹಾಗಾಗಿ ತೊಂದರೆಯಿಲ್ಲ ಎಂಬ ಸಮಾಧಾನವೂ ಅವರಿಗಿರುತ್ತದೆ. ಇದೇ ಸಾಲುಗಳನ್ನು ಉಡುಪಿ ಬಳಿಯ ಕೆಮ್ಮಣ್ಣಿನ ಯಾವುದಾದರೂ ಅಂಗಡಿಯ ಜಗಲಿಯಲ್ಲಿ ಓದಿ ಹೇಳಿದರೆ ಅರ್ಧ ಮುಗಿಯುವ ಮೊದಲೇ "ಓ, ಅವರ ಮಗಳಾ ಮಾರಾಯ್ರೆ!" ಎಂಬ ಮಾತು ಬಂದೀತು.

ಜನರೇಟಿವ್ ಎಐ ಈಗ ಶಾಲೆ, ಕಾಲೇಜು, ಟ್ಯೂಷನ್ ಎಲ್ಲ ಕಡೆಯೂ ಕಾಲಿಟ್ಟಿದೆ. ಅದರ ಜತೆಗೆ ಕೇಳಿಬರುವ ಎಚ್ಚರಿಕೆಯೊಂದಿದೆ: "ಹೆಸರು, ಫೋನ್ ನಂಬರ್, ಆಧಾರ್ ಹಾಕಬೇಡಿ." ಮಾತು ಸರಿ. ಆದರೆ ಅದು ದೊಡ್ಡ ನಗರಕ್ಕೆ ಹೊಂದುವ ಮಾತು. ಬೆಂಗಳೂರಿನ ಬಡಾವಣೆಯಲ್ಲಿ "ಕುವೈತಿನಲ್ಲಿರುವ ತಂದೆ" ಎಂದರೆ ನೂರಾರು ಮಂದಿ. ಸುವರ್ಣಾ ನದಿಯ ಒಂದು ಕುದ್ರುವಿನಲ್ಲಿ, ಅಂದರೆ ನಡುಗಡ್ಡೆಯಲ್ಲಿ, ಅಂಥವರನ್ನು ಬೆರಳಲ್ಲಿ ಎಣಿಸಬಹುದು. ನಮ್ಮ ಊರುಗಳಲ್ಲಿ ವಿವರವೇ ಹೆಸರು.

ಮೂರು ವಿವರ, ಒಬ್ಬ ಮನುಷ್ಯ

ಹೆಸರಿಲ್ಲದ ಕಡತದಿಂದ ಮನುಷ್ಯನನ್ನು ಹುಡುಕಿ ತೆಗೆಯಬಹುದು ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಲಟಾನ್ಯಾ ಸ್ವೀನಿ. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು, ಹೆಸರು ಮತ್ತು ವಿಳಾಸ ತೆಗೆದು, ಸಂಶೋಧನೆಗೆಂದು ಬಿಟ್ಟುಕೊಟ್ಟಿತ್ತು. ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ಪಟ್ಟಣದ ಮತದಾರರ ಪಟ್ಟಿ ಕೊಂಡರು. ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಈ ಮೂರನ್ನು ಎರಡೂ ಪಟ್ಟಿಗಳಲ್ಲಿ ತಾಳೆ ನೋಡಿದರು. ಆ ರಾಜ್ಯದ ಗವರ್ನರ್ ಆಗಿದ್ದ ವಿಲಿಯಂ ವೆಲ್ಡ್ ಅವರ ಆಸ್ಪತ್ರೆ ದಾಖಲೆಯೇ ಕೈಗೆ ಸಿಕ್ಕಿತು. ಮುಂದೆ 2000ದಲ್ಲಿ ಅವರು ಹಾಕಿದ ಲೆಕ್ಕದ ಪ್ರಕಾರ, ಅಮೆರಿಕದ ಶೇ 87ರಷ್ಟು ಜನರನ್ನು ಈ ಮೂರು ವಿವರಗಳಿಂದಲೇ ಪ್ರತ್ಯೇಕವಾಗಿ ಗುರುತಿಸಬಹುದಾಗಿತ್ತು.

ಅದು ಕೋಟಿಗಟ್ಟಲೆ ಜನರ ದೇಶದ ಲೆಕ್ಕ. ಕರಾವಳಿಯಲ್ಲಿ ಮೂರು ವಿವರಗಳೂ ಬೇಕಾಗಲಿಕ್ಕಿಲ್ಲ. ಪೂಜಾರಿ, ಸುವರ್ಣ, ಕೋಟ್ಯಾನ್, ಶೆಟ್ಟಿ, ಡಿಸೋಜ, ನಾಯಕ್ ಎಂಬ ಉಪನಾಮ ಸಮುದಾಯವನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. ಮನೆಯ ಹೆಸರು ಕುಟುಂಬವನ್ನು ಹೇಳುತ್ತದೆ. ತುಳುವೋ ಕೊಂಕಣಿಯೋ ಬ್ಯಾರಿಯೋ ಎಂಬುದು ಕೇರಿಯನ್ನು ಹೇಳುತ್ತದೆ. ದಾರಿಯಲ್ಲಿ ಸಿಕ್ಕ ಮಗುವನ್ನು ಹಿರಿಯರು ಮೊದಲು ಕೇಳುವುದೇ "ಏರೆನ ಬಾಲೆ?" (ಯಾರ ಮಗು?) ಎಂದು, ಹೆಸರು ಕೇಳುವುದು ಆಮೇಲೆ. ಮಕ್ಕಳ ಸಂಖ್ಯೆ ಕುಸಿದಿರುವ ಕನ್ನಡ ಮಾಧ್ಯಮ ಶಾಲೆಗಳಲ್ಲಂತೂ ತರಗತಿಗೆ ಹತ್ತು ಹನ್ನೆರಡು ಮಂದಿ. "ನಮ್ಮ ಆರನೇ ತರಗತಿಯಲ್ಲಿ ಮೂರ್ಛೆರೋಗದ ಔಷಧಿ ತೆಗೆದುಕೊಳ್ಳುವ ಹುಡುಗ" ಎಂದರೆ ಅದು ಒಬ್ಬನೇ ಹುಡುಗ.

ಇದನ್ನು ನಮ್ಮ ಕಾನೂನು ಎಐ ಬರುವ ಮೊದಲೇ ಅರಿತಿತ್ತು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್, ಸುದ್ದಿಯಲ್ಲಿ ಮಗುವಿನ ಹೆಸರನ್ನಷ್ಟೇ ನಿಷೇಧಿಸುವುದಿಲ್ಲ. ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಬಯಲಾಗುವಂಥ ಬೇರಾವುದೇ ಸಂಗತಿ, ಎಲ್ಲವನ್ನೂ ನಿಷೇಧಿಸುತ್ತದೆ. ಪತ್ರಕರ್ತರು ಪಾಲಿಸಿಕೊಂಡು ಬಂದ ಈ ಅಳತೆಗೋಲನ್ನೇ ಶಿಕ್ಷಕರು ಎಐ ಮುಂದೆ ಕೂತಾಗಲೂ ಹಿಡಿದರೆ ಅರ್ಧ ಕೆಲಸ ಮುಗಿದಂತೆ.

ಟೈಪ್ ಮಾಡಿದ್ದು ಎಲ್ಲಿಗೆ ಹೋಗುತ್ತದೆ?

ಚಾಟ್‌ಬಾಟ್ ಜತೆಗಿನ ಮಾತು ಇಬ್ಬರ ನಡುವಿನ ಪಿಸುಮಾತಿನಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಫೋನಿನಿಂದ ಹೊರಟು ಕಂಪನಿಯ ಸರ್ವರ್ ಸೇರುತ್ತದೆ. ಅಲ್ಲಿ ಅದಕ್ಕೆ ನಾಲ್ಕು ದಾರಿಗಳಿವೆ.

ಮೊದಲನೆಯದು, ಅದು ಖಾತೆಯ ಇತಿಹಾಸವಾಗಿ ಉಳಿಯುತ್ತದೆ. ಸ್ಟಾಫ್‌ರೂಮಿನ ಕಂಪ್ಯೂಟರಿನಲ್ಲಿ ಲಾಗ್ಔಟ್ ಮಾಡದೆ ಎದ್ದುಹೋದರೆ ಮುಂದೆ ಕೂತವರಿಗೆ ಎಲ್ಲವೂ ತೆರೆದ ಪುಸ್ತಕ. ಎರಡನೆಯದು, ಮನುಷ್ಯರೇ ಅದನ್ನು ಓದಬಹುದು. ಗುಣಮಟ್ಟ ಸುಧಾರಿಸಲು ಕೆಲವು ಸಂಭಾಷಣೆಗಳನ್ನು ಪರಿಶೀಲಕರು ನೋಡುತ್ತಾರೆ, ಹಾಗೆ ನೋಡಿದ್ದನ್ನು ಮೂರು ವರ್ಷದವರೆಗೆ ಇಟ್ಟುಕೊಳ್ಳಬಹುದು, ಗೋಪ್ಯ ಮಾಹಿತಿ ಬರೆಯಬೇಡಿ ಎಂದು ಗೂಗಲ್ ತನ್ನ ಜೆಮಿನಿ ಬಳಕೆದಾರರಿಗೆ ತಾನೇ ತಿಳಿಸಿದೆ. ಮೂರನೆಯದು, ಮುಂದಿನ ಮಾದರಿಗೆ ಅದು ತರಬೇತಿಯ ಸಾಮಗ್ರಿಯಾಗಬಹುದು. ಮಾದರಿಗಳು ಓದಿದ್ದರಲ್ಲಿ ಕೆಲವನ್ನು ಅಕ್ಷರಶಃ ಬಾಯಿಪಾಠ ಮಾಡಿಕೊಳ್ಳುತ್ತವೆ ಎಂಬುದು ಊಹೆಯಲ್ಲ. 2021ರಲ್ಲಿ ಸಂಶೋಧಕರು ಜಿಪಿಟಿ-2ರ ಬಾಯಿಂದ ನಿಜವಾದ ಜನರ ಹೆಸರು, ಫೋನ್ ನಂಬರ್, ಇಮೇಲ್ ವಿಳಾಸಗಳನ್ನು ಹೊರಡಿಸಿ ತೋರಿಸಿದ್ದರು.

ನಾಲ್ಕನೆಯ ದಾರಿ ಅಪಘಾತ. 2023ರ ಮಾರ್ಚ್ 20ರಂದು ಚಾಟ್‌ಜಿಪಿಟಿಯ ತಂತ್ರಾಂಶದೋಷದಿಂದ ಕೆಲವರ ಸಂಭಾಷಣೆಗಳ ಶೀರ್ಷಿಕೆಗಳು ಬೇರೆಯವರ ಪರದೆಯಲ್ಲಿ ಕಂಡವು. ಆ ತಿಂಗಳ ಕೊನೆಗೆ ಇಟಲಿಯ ಖಾಸಗಿತನ ಪ್ರಾಧಿಕಾರ ಆ ಸೇವೆಯನ್ನು ತಡೆಹಿಡಿಯಿತು. ಒಂದು ತಿಂಗಳ ನಂತರವೇ ಅದು ಅಲ್ಲಿಗೆ ಮರಳಿದ್ದು. 2025ರ ಬೇಸಗೆಯ ನಂತರ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಬಳಕೆದಾರರು ಲಿಂಕ್ ಮಾಡಿ ಹಂಚಿಕೊಂಡ ಸಾವಿರಾರು ಸಂಭಾಷಣೆಗಳು ಗೂಗಲ್ ಹುಡುಕಾಟದಲ್ಲಿ ಸಿಗುತ್ತಿದ್ದವು. ಹಂಚುವಾಗ ಒಂದು ಸಣ್ಣ ಚೌಕಕ್ಕೆ ಟಿಕ್ ಹಾಕಿದ್ದರ ಫಲವದು. ಓಪನ್‌ಎಐ ಕೂಡಲೇ ಆ ಸೌಲಭ್ಯವನ್ನು ತೆಗೆದುಹಾಕಿತು. ಅದೇ ವರ್ಷ, ದಿ ನ್ಯೂಯಾರ್ಕ್ ಟೈಮ್ಸ್ ಹೂಡಿದ್ದ ಮೊಕದ್ದಮೆಯಲ್ಲಿ ಅಮೆರಿಕದ ನ್ಯಾಯಾಲಯವೊಂದು, ಬಳಕೆದಾರರು ಡಿಲೀಟ್ ಮಾಡಿದ ಸಂಭಾಷಣೆಗಳನ್ನೂ ಅಳಿಸದೆ ಕಾದಿಡಬೇಕೆಂದು ಓಪನ್‌ಎಐಗೆ ಆದೇಶಿಸಿತು. ಕೆಲವು ತಿಂಗಳ ಕಾಲ ಅದು ಜಾರಿಯಲ್ಲಿತ್ತು. ಡಿಲೀಟ್ ಒತ್ತಿದ ಮಾತ್ರಕ್ಕೆ ಅಳಿಯಿತೆಂದು ನಂಬಿ ಕೂರುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಬಿಟ್ಟಿ ಸಿಕ್ಕಿದ ವರ್ಷ

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದಾಗ ಅದು ಕುತೂಹಲದ ವಸ್ತು. 2025ರಲ್ಲಿ ಎಐ ಭಾರತದ ವಿದ್ಯಾರ್ಥಿಗಳ ಜೇಬಿಗೆ ಪುಕ್ಕಟೆಯಾಗಿ ಬಂತು. ಗೂಗಲ್ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ವರ್ಷ ತನ್ನ ದುಬಾರಿ ಎಐ ಯೋಜನೆಯನ್ನು ಉಚಿತವಾಗಿ ಕೊಟ್ಟಿತು. ಏರ್‌ಟೆಲ್ ಸಿಮ್ ಜತೆ ಪರ್ಪ್ಲೆಕ್ಸಿಟಿ ಬಂತು, ಜಿಯೊ ಜತೆ ಜೆಮಿನಿ ಬಂತು, ನವೆಂಬರಿನಿಂದ ಚಾಟ್‌ಜಿಪಿಟಿ ಗೋ ಕೂಡ ಒಂದು ವರ್ಷ ಉಚಿತವಾಯಿತು. ಮಣಿಪಾಲ, ನಿಟ್ಟೆ, ಬಂಟಕಲ್ಲುಗಳ ಕಾಲೇಜುಗಳಿಂದ ಹಿಡಿದು ಬಸ್ಸಿನಲ್ಲಿ ಕೂತ ಪಿಯುಸಿ ಮಕ್ಕಳವರೆಗೆ ಈಗ ಅಸೈನ್‌ಮೆಂಟಿಗೆ ಎಐ ಮುಟ್ಟದವರು ಕಡಿಮೆ.

ಈ ಖಾತೆಗಳೆಲ್ಲ ವೈಯಕ್ತಿಕ ಖಾತೆಗಳು. ತೊಡಕು ಅಲ್ಲೇ ಇದೆ. ಸಂಸ್ಥೆಗಳಿಗೆಂದೇ ಇರುವ ಶೈಕ್ಷಣಿಕ ಆವೃತ್ತಿಗಳಲ್ಲಿ ಬರೆದದ್ದನ್ನು ತರಬೇತಿಗೆ ಬಳಸುವುದಿಲ್ಲ ಎಂದು ಕಂಪನಿಗಳು ಒಪ್ಪಂದದಲ್ಲೇ ಹೇಳುತ್ತವೆ. ವೈಯಕ್ತಿಕ ಖಾತೆಯಲ್ಲಿ ನಾವಾಗಿ ಸೆಟ್ಟಿಂಗ್ಸ್‌ಗೆ ಹೋಗಿ ಬೇಡವೆಂದು ಹೇಳದಿದ್ದರೆ ಬಳಸಬಹುದು ಎಂಬುದೇ ಸಾಮಾನ್ಯ ನಿಯಮ. ವಯಸ್ಸಿನ ಮಿತಿಯನ್ನು ಯಾರೂ ಓದುವುದಿಲ್ಲ. ಚಾಟ್‌ಜಿಪಿಟಿಗೆ ಕನಿಷ್ಠ 13 ವರ್ಷ ಆಗಿರಬೇಕು, 18 ತುಂಬದವರಿಗೆ ಪೋಷಕರ ಅನುಮತಿ ಬೇಕು. ತರಗತಿಯಲ್ಲಿ ಎಐ ಬಳಸಲು 13 ವರ್ಷದ ಮಿತಿ ಇರಲಿ ಎಂದು ಯುನೆಸ್ಕೊ 2023ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲೂ ಇದೆ. ಐದನೇ ತರಗತಿಯ ಮಗು ಅಮ್ಮನ ಫೋನಿನಲ್ಲಿ ಪ್ರಬಂಧ ಬರೆಸುವಾಗ ಈ ಎಲ್ಲ ಮಿತಿಗಳನ್ನು ದಾಟಿರುತ್ತದೆ, ಅಮ್ಮನ ಖಾತೆಯ ಹೆಸರಿನಲ್ಲಿ.

ಶಾಲೆಯ ಕಡತದಲ್ಲಿ ಏನೇನಿದೆ

ಒಂದು ಮಗುವಿನ ಬಗ್ಗೆ ಬ್ಯಾಂಕಿಗೂ ಆಸ್ಪತ್ರೆಗೂ ಗೊತ್ತಿಲ್ಲದಷ್ಟು ಶಾಲೆಗೆ ಗೊತ್ತಿರುತ್ತದೆ. ಜನ್ಮದಿನ, ಜಾತಿ, ಧರ್ಮ, ತಂದೆತಾಯಿಯ ಉದ್ಯೋಗ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಆಧಾರ್, ಅಂಗವಿಕಲತೆ, ಎತ್ತರ ತೂಕ. ಕರ್ನಾಟಕದಲ್ಲಿ ಇದಕ್ಕೆ ಪ್ರತಿ ವಿದ್ಯಾರ್ಥಿಗೂ ರಾಜ್ಯ ಕೊಡುವ ಸ್ಯಾಟ್ಸ್ ಸಂಖ್ಯೆ ಬೇರೆ, ಕೇಂದ್ರದ ಅಪಾರ್ ಗುರುತು ಬೇರೆ. ಇವೆಲ್ಲವನ್ನೂ ಆನ್‌ಲೈನಿನಲ್ಲಿ ತುಂಬುವವರು ಶಿಕ್ಷಕರೇ. ಪಾಠದ ನಡುವೆ ಬಿಸಿಯೂಟದ ಮೊಟ್ಟೆ ಬಾಳೆಹಣ್ಣಿನ ಲೆಕ್ಕವೂ ಅವರದೇ. ಹೀಗಿರುವಾಗ ನಲವತ್ತು ಮಕ್ಕಳ ಪ್ರಗತಿಪತ್ರಕ್ಕೆ ಷರಾ ಬರೆಯುವ ಕೆಲಸವನ್ನು ಎಐಗೆ ಒಪ್ಪಿಸಿದರೆ ಅದು ಸೋಮಾರಿತನವಲ್ಲ, ದಣಿವು. ಅಂಕಪಟ್ಟಿಯ ಎಕ್ಸೆಲ್ ಕಡತವನ್ನು ಹಾಗೇ ಏರಿಸುವುದು ಎಷ್ಟು ಸುಲಭ ಎಂಬುದೇ ಅಪಾಯ.

ಒಂದೇ ಕಡೆ ಗುಡ್ಡೆಹಾಕಿದ ಮಾಹಿತಿ ಸೋರಿದರೆ ಏನಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. ಕೋವಿಡ್ ಕಾಲದಲ್ಲಿ ನಮ್ಮ ಶಿಕ್ಷಕರೂ ಮಕ್ಕಳೂ ಬಳಸಿದ ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆಯ ಮಾಹಿತಿ ಭದ್ರತೆಯಿಲ್ಲದ ಸರ್ವರಿನಲ್ಲಿ ತೆರೆದು ಬಿದ್ದಿತ್ತೆಂದು 2023ರ ಜನವರಿಯಲ್ಲಿ ವೈರ್ಡ್ ಪತ್ರಿಕೆ ವರದಿ ಮಾಡಿತು. ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್, ಇಮೇಲ್. ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರ. ವಿದ್ಯಾರ್ಥಿಗಳ ಫೋನ್ ನಂಬರ್ ಮತ್ತು ಇಮೇಲನ್ನು ಅರ್ಧ ಮರೆಮಾಡಲಾಗಿತ್ತು. ಹೆಸರು ಮತ್ತು ಶಾಲೆ ಹಾಗೇ ಇದ್ದವು.

"ಅಂಕವನ್ನು ಫ್ಲೆಕ್ಸಿನಲ್ಲೇ ಹಾಕುತ್ತೇವೆ, ಇನ್ನು ಎಐಗೆ ಹೇಳಿದರೇನು?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 94 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲು ಬಂದ ಜಿಲ್ಲೆ ನಮ್ಮ ಉಡುಪಿ. ಮೇ ತಿಂಗಳು ಬಂದರೆ ಕಾಪುವಿನಿಂದ ಕಾರ್ಕಳದವರೆಗೆ ವೃತ್ತ ವೃತ್ತಗಳಲ್ಲೂ ಮಕ್ಕಳ ನಗುಮುಖ. ಆದರೆ ಫ್ಲೆಕ್ಸಿನಲ್ಲಿ ಇರುವುದು ಗೆದ್ದವರು, ಮನೆಯವರು ಸಂತೋಷದಿಂದ ಫೋಟೊ ಕೊಟ್ಟವರು. ಮೊದಲ ಮಳೆಗೆ ಅದು ಹರಿದೂ ಹೋಗುತ್ತದೆ. ಎಐಗೆ ನಾವು ಹೆಚ್ಚಾಗಿ ಒಪ್ಪಿಸುವುದು ಎಡವಿದವರ, ಅಳುವವರ, ಔಷಧಿ ತೆಗೆದುಕೊಳ್ಳುವವರ ವಿವರ. ಅವರನ್ನು ಯಾರೂ ಕೇಳಿರುವುದಿಲ್ಲ. ಹಿಂದೆ ಅಂಗಡಿಯಲ್ಲಿ ನೆಲಗಡಲೆ ಕಟ್ಟಿಕೊಟ್ಟ ಪೊಟ್ಟಣ ಬಿಚ್ಚಿದರೆ ಯಾರದೋ ಉತ್ತರಪತ್ರಿಕೆ, ಕೆಂಪು ಶಾಯಿಯ ಸೊನ್ನೆ ಸಮೇತ ಸಿಗುತ್ತಿತ್ತು. ಅದು ಕಸದ ಬುಟ್ಟಿಗೆ ಹೋಗಿ ಮುಗಿಯುತ್ತಿತ್ತು. ಈಗಿನದು ಮುಗಿಯುವುದಿಲ್ಲ.

ಕದ್ದು ಬರೆದದ್ದನ್ನು ಹಿಡಿಯುವ ಉತ್ಸಾಹದಲ್ಲೂ ಎಚ್ಚರ ಬೇಕು. ವಿದ್ಯಾರ್ಥಿಯ ಪ್ರಬಂಧವನ್ನು "ಇದು ಎಐ ಬರೆದದ್ದೇ?" ಎಂದು ಪರೀಕ್ಷಿಸಲು ಯಾವುದೋ ಉಚಿತ ತಾಣಕ್ಕೆ ಏರಿಸುವ ಅಧ್ಯಾಪಕರು, ಆ ಬರಹವನ್ನು, ಅದರೊಳಗಿನ ಮನೆಮಾತುಗಳ ಸಮೇತ, ಬರೆದವರ ಒಪ್ಪಿಗೆಯಿಲ್ಲದೆ ಮೂರನೆಯವರ ಕೈಗೆ ಕೊಡುತ್ತಿರುತ್ತಾರೆ.

ರೋಗಿಯೂ ಪಾಠವೇ ಆದಾಗ

1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಶುರುವಾದಂದಿನಿಂದ ಮಣಿಪಾಲ ವೈದ್ಯಶಿಕ್ಷಣದ ಊರು. ಸುತ್ತಮುತ್ತ ನರ್ಸಿಂಗ್, ಫಿಸಿಯೊಥೆರಪಿ ಕಾಲೇಜುಗಳೂ ಬೆಳೆದಿವೆ. ಇಂಥ ಓದಿನಲ್ಲಿ ಪಠ್ಯವೆಂದರೆ ಹಾಸಿಗೆಯ ಮೇಲೆ ಮಲಗಿರುವ ಮನುಷ್ಯ. ನಾಳೆ ಬೆಳಗ್ಗೆ ಕೇಸ್ ಪ್ರೆಸೆಂಟೇಶನ್ ಇರುವ ಯಾವ ಊರಿನ ವಿದ್ಯಾರ್ಥಿಗೂ ರಾತ್ರಿ ಬರುವ ಆಸೆಯೆಂದರೆ, ಕೇಸ್ ಶೀಟಿನ ಫೋಟೊ ಹೊಡೆದು ಎಐಗೆ ಕೊಟ್ಟು "ಸಾರಾಂಶ ಮಾಡು" ಎನ್ನುವುದು. ಆ ಫೋಟೊದಲ್ಲಿ ಆಸ್ಪತ್ರೆಯ ಸಂಖ್ಯೆ, ದಾಖಲಾದ ದಿನ, ಊರು, ಉದ್ಯೋಗ ಎಲ್ಲವೂ ಇರುತ್ತವೆ. "ಮಲ್ಪೆಯ ಬೋಟಿನಲ್ಲಿ ಬಿದ್ದು ಗಾಯಗೊಂಡವರು" ಎಂದರೆ ಪತ್ರಿಕೆಯ ಸುದ್ದಿಯೊಂದಿಗೆ ತಾಳೆ ನೋಡಿದರೆ ಸಾಕು. ರೋಗಿಯ ಗುಟ್ಟು ಕಾಯುವುದು ವೈದ್ಯವೃತ್ತಿಯ ಹಳೆಯ ಧರ್ಮ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಹೊರತಂದ ಎಐ ನೀತಿಸೂತ್ರಗಳಲ್ಲೂ ಒಪ್ಪಿಗೆ ಮತ್ತು ಖಾಸಗಿತನಕ್ಕೆ ಮುಖ್ಯ ಸ್ಥಾನವಿದೆ. ವಯಸ್ಸಿಗೆ ಬದಲು "ಐವತ್ತರ ಆಸುಪಾಸು", ದಿನಾಂಕಕ್ಕೆ ಬದಲು "ಮೂರನೇ ದಿನ", ಉದ್ಯೋಗಕ್ಕೆ ಬದಲು "ಭಾರ ಎತ್ತುವ ದುಡಿಮೆ" ಎಂದರೆ ಪಾಠಕ್ಕೇನೂ ಕೊರತೆಯಾಗದು.

ನ್ಯಾಯಾಲಯ ಕಂಡ ಹಕ್ಕು, ಬರಲಿರುವ ಕಾನೂನು

ಖಾಸಗಿತನ ಶ್ರೀಮಂತರ ಶೋಕಿಯಲ್ಲ, ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಗೆ ಹೆಸರಾದವರು ಕನ್ನಡನಾಡಿನವರೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು 2012ರಲ್ಲಿ ಅರ್ಜಿ ಹಾಕಿದಾಗ ಎಂಬತ್ತು ದಾಟಿದ್ದರು. 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಆ ತೀರ್ಪಿನ ಹಿನ್ನೆಲೆಯಲ್ಲಿ ರೂಪುಗೊಂಡದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ವರ್ತನೆಯ ಮೇಲೆ ಕಣ್ಣಿಡುವಂತಿಲ್ಲ, ಅವರನ್ನು ಗುರಿಯಾಗಿಸಿ ಜಾಹೀರಾತು ಹಾಕುವಂತಿಲ್ಲ. ಇದನ್ನು ಮುರಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಟ್ಟಳೆಗಳ ಜಾರಿಗೆ ಅವು 18 ತಿಂಗಳ ಕಾಲಾವಕಾಶ ಕೊಟ್ಟಿವೆ. ಪಾಠಕ್ಕೂ ಮಕ್ಕಳ ಸುರಕ್ಷತೆಗೂ ಅಗತ್ಯವಿರುವಷ್ಟರ ಮಟ್ಟಿಗೆ ಶಾಲೆಗಳಿಗೆ ರಿಯಾಯಿತಿಯಿದೆ. ಅದನ್ನೇ ಹಿಡಿದು, ಶಿಕ್ಷಕರು ತಮ್ಮ ಸ್ವಂತ ಖಾತೆಗೆ ಇಡೀ ತರಗತಿಯ ಅಂಕಪಟ್ಟಿ ಏರಿಸಬಹುದೆಂದು ಅರ್ಥಮಾಡಿಕೊಳ್ಳಲಾಗದು. ಕೇಂದ್ರ ಹಣಕಾಸು ಸಚಿವಾಲಯ 2025ರ ಜನವರಿಯಲ್ಲಿ ತನ್ನ ಕಚೇರಿ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಬಳಸಬೇಡಿ ಎಂದು ಸಿಬ್ಬಂದಿಗೆ ಸೂಚಿಸಿತ್ತು. ಸರ್ಕಾರದ ಕಡತಕ್ಕೆ ಇರುವ ಜೋಪಾನ ಮಗುವಿನ ಕಡತಕ್ಕೂ ಇರಬೇಕಲ್ಲವೇ?

ಕಷ್ಟವನ್ನು ಕೊಡಿ, ಮಗುವನ್ನಲ್ಲ

ಹಾಗೆಂದು ಎಐ ಬೇಡವೆನ್ನುವುದು ಉತ್ತರವಲ್ಲ. ಅದಕ್ಕೆ ಏನು ಬೇಕು, ಏನು ಬೇಡ ಎಂದು ತಿಳಿದರೆ ಸಾಕು. "ಒಂಬತ್ತನೇ ಬಿ ವಿಭಾಗದ ಇಂಥವನು ಗಣಿತದಲ್ಲಿ 80ಕ್ಕೆ 23, ಮನೆಯಲ್ಲಿ ಓದುವ ವಾತಾವರಣವಿಲ್ಲ" ಎಂದು ಬರೆದರೆ ಯಾವ ಮಗುವಿಗೂ ಹೊಂದುವ ಸಾಮಾನ್ಯ ಉಪದೇಶ ಬರುತ್ತದೆ. ಅದರ ಬದಲು "ಒಂಬತ್ತನೇ ತರಗತಿ ಮಟ್ಟ. ವಿದ್ಯಾರ್ಥಿ ಋಣ ಸಂಖ್ಯೆ ಕಳೆಯುವಾಗ ಎಡವುತ್ತಾನೆ. −3ರಿಂದ −5 ಕಳೆದು −8 ಎಂದು ಬರೆಯುತ್ತಾನೆ. ಹಂತಹಂತವಾಗಿ ಹತ್ತು ಲೆಕ್ಕ ಕೊಡು" ಎಂದು ಬರೆದರೆ ಉತ್ತರ ನೇರವಾಗಿ ಕೆಲಸಕ್ಕೆ ಬರುತ್ತದೆ. ಎರಡನೆಯದರಲ್ಲಿ ಮಗುವಿನ ಬಗ್ಗೆ ಏನೂ ಇಲ್ಲ, ಮಗುವಿನ ತಪ್ಪಿನ ಬಗ್ಗೆ ಎಲ್ಲವೂ ಇದೆ. ಖಾಸಗಿತನ ಕಾಯ್ದಷ್ಟೂ ಪ್ರಶ್ನೆ ಚೊಕ್ಕವಾಗುತ್ತದೆ.

ಇನ್ನು ಕೈಕೆಲಸದ ಮಾತುಗಳು. ಷರಾ ಬರೆಸಬೇಕಾದರೆ ಮಕ್ಕಳಿಗೆ ಅ, ಆ, ಇ ಎಂದು ಗುರುತು ಕೊಡಿ. ಯಾವ ಅಕ್ಷರ ಯಾರದೆಂಬ ಪಟ್ಟಿ ನಿಮ್ಮ ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲೇ ಇರಲಿ. ಇನ್ನೂ ಒಳ್ಳೆಯದೆಂದರೆ, ಬೇರೆಬೇರೆ ಮಟ್ಟಕ್ಕೆ ಹೊಂದುವ ಷರಾಗಳ ನಮೂನೆ ಬರೆಸಿಕೊಂಡು ಹೆಸರುಗಳನ್ನು ನೀವೇ ತುಂಬುವುದು. ಎಕ್ಸೆಲ್‌ನಲ್ಲಿ ಹೈಡ್ ಮಾಡಿದ ಕಾಲಂ ಅಳಿದಿರುವುದಿಲ್ಲ, ಕಡತದ ಜತೆಗೇ ಹೋಗುತ್ತದೆ. ಬೇಕಾದ ಕಾಲಂಗಳನ್ನಷ್ಟೇ ಹೊಸ ಕಡತಕ್ಕೆ ನಕಲು ಮಾಡಿ. ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದರೂ ಕೆಳಗಿನ ಅಕ್ಷರ ಉಳಿದಿರಬಹುದು. ಉತ್ತರಪತ್ರಿಕೆಯ ಫೋಟೊ ಬದಲು ಉತ್ತರವನ್ನಷ್ಟೇ ಟೈಪ್ ಮಾಡಿ. ಮಕ್ಕಳ ಮುಖದ ಫೋಟೊವನ್ನು ಯಾವ ಮೋಜಿಗೂ ಏರಿಸಬೇಡಿ. ಚಾಟ್‌ಜಿಪಿಟಿಯ ಡೇಟಾ ಕಂಟ್ರೋಲ್ಸ್‌ನಲ್ಲಿ ತರಬೇತಿಗೆ ಬಳಸುವ ಆಯ್ಕೆಯನ್ನು, ಜೆಮಿನಿಯಲ್ಲಿ ಚಟುವಟಿಕೆ ಉಳಿಸುವ ಆಯ್ಕೆಯನ್ನು ಆಫ್ ಮಾಡಿ. ಎಂಟರ್ ಒತ್ತುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಮ್ಮೂರಿನ ಒಬ್ಬರು ಇದನ್ನು ಓದಿದರೆ ಯಾರ ಮಗುವೆಂದು ಹೇಳಬಲ್ಲರೇ?

ವಿದ್ಯಾರ್ಥಿಗಳಿಗೂ ಒಂದು ಮಾತು. ಮನೆಯ ಜಗಳ, ಸ್ನೇಹದ ಬಿರುಕು, ಮೈಮನಸ್ಸಿನ ಕಷ್ಟಗಳನ್ನು ರಾತ್ರಿ ಎಐ ಬಳಿ ಹೇಳಿಕೊಳ್ಳುವವರು ಹೆಚ್ಚುತ್ತಿದ್ದಾರೆ. ವೈದ್ಯರ ಬಳಿ, ವಕೀಲರ ಬಳಿ ಹೇಳಿದ ಮಾತಿಗೆ ಇರುವ ಕಾನೂನಿನ ರಕ್ಷಣೆ ಚಾಟ್‌ಬಾಟ್ ಜತೆಗಿನ ಮಾತಿಗೆ ಇಲ್ಲ ಎಂದು ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ 2025ರ ಜುಲೈನಲ್ಲಿ ತಾವೇ ಒಪ್ಪಿದ್ದರು. ಗೆಳೆಯರ ಗುಟ್ಟನ್ನಂತೂ ಅಲ್ಲಿ ಹೇಳಲೇಬೇಡಿ, ಅದು ನಿಮ್ಮದಲ್ಲ.

ಕಾನೂನು ಪೂರ್ತಿ ಜಾರಿಯಾಗಲಿ ಎಂದು ಶಾಲೆಗಳು ಕಾಯಬೇಕಿಲ್ಲ. ಮುಂದಿನ ಪೋಷಕರ ಸಭೆಯಲ್ಲಿ, ಎಸ್‌ಡಿಎಂಸಿ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ನಮ್ಮ ಶಾಲೆಯಲ್ಲಿ ಯಾವ ಎಐ ಬಳಸುತ್ತೀರಿ, ಯಾರ ಖಾತೆಯಲ್ಲಿ? ಮಕ್ಕಳ ಯಾವ ವಿವರ ಅದರೊಳಗೆ ಹೋಗುತ್ತದೆ? ಬೇಡವೆನ್ನುವ ಪೋಷಕರಿಗೆ ಬೇರೆ ದಾರಿ ಇದೆಯೇ? ಈ ಮೂರಕ್ಕೆ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ಸೂಚನಾಫಲಕಕ್ಕೆ ಅಂಟಿಸಲು ಖರ್ಚೇನೂ ಆಗುವುದಿಲ್ಲ. ಫಲಿತಾಂಶದಲ್ಲಿ ರಾಜ್ಯಕ್ಕೆ ಮೊದಲಾಗಬಲ್ಲ ಜಿಲ್ಲೆ ಈ ಕೆಲಸದಲ್ಲೂ ಮೊದಲಾಗಲಿ.